ಕರಾವಳಿಯ ಹಳೆ ಬೈಕು: ಜಾಮ್ ಆದ ಕಾರ್ಬುರೇಟರ್ ಸ್ಕ್ರೂ ಬಿಚ್ಚುವ ಬಗೆ

ಮಲ್ಪೆ, ಉಳ್ಳಾಲ, ಪಣಂಬೂರು ಕಡೆ ಮನೆಯ ಚಾವಡಿಯಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ ವರ್ಷಗಟ್ಟಲೆ ನಿಂತ ಬೈಕನ್ನು ಎಬ್ಬಿಸಲು ಹೊರಟವರಿಗೆ ಮೊದಲ ತಡೆ ಎಂಜಿನ್ನಿನಲ್ಲಿ ಬರುವುದಿಲ್ಲ, ಪೆಟ್ರೋಲ್, ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಬೌಲ್ (ತಳದ ಪೆಟ್ರೋಲ್ ಬಟ್ಟಲು) ಹಿಡಿದಿರುವ ಸ್ಕ್ರೂಗಳಲ್ಲಿ ಬರುತ್ತದೆ. ಆರ್‌ಎಕ್ಸ್ 100 ಆಗಲಿ, ಮೈಸೂರಿನ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿ ಆಗಲಿ, ಹಳೆ ಬುಲೆಟ್ ಆಗಲಿ, ಕಥೆ ಒಂದೇ. ಸ್ಕ್ರೂ ಅಲುಗುವುದಿಲ್ಲ, ಡ್ರೈವರ್ ಜಾರುತ್ತದೆ, ಎರಡೇ ನಿಮಿಷದಲ್ಲಿ ತಲೆಯ ಸೀಳು ಸವೆದು ಗುಂಡಗಾಗುತ್ತದೆ. ಮೈಸೂರಿನ ಯೆಜ್ಡಿ ತಯಾರಿಕೆಯೂ ಆರ್‌ಎಕ್ಸ್ 100 ತಯಾರಿಕೆಯೂ ನಿಂತದ್ದು 1996ರಲ್ಲಿ. ಅಂದರೆ ಈ ಗಾಡಿಗಳ ಅಸಲಿ ಕಾರ್ಬುರೇಟರ್ ಒಡೆದರೆ ಅಷ್ಟೇ ಒಳ್ಳೆಯ ಇನ್ನೊಂದು ಹುಡುಕುವುದು ಕಷ್ಟ. ಒಂದು ಪುಟಾಣಿ ಸ್ಕ್ರೂಗಾಗಿ ಕಾರ್ಬುರೇಟರಿನ ಬಾಡಿಯನ್ನು ಬಲಿ ಕೊಡಬಾರದು ಎಂಬುದೇ ಈ ಬರಹದ ಉದ್ದೇಶ.

ಸ್ಕ್ರೂವಿನ ತಲೆ ಸರಿಯಿರುವ ತನಕ ನಿಮ್ಮ ಕೈಯಲ್ಲಿ ಹತ್ತು ದಾರಿ ಇರುತ್ತವೆ. ತಲೆ ಹೋದ ಮೇಲೆ ಎರಡೋ ಮೂರೋ ಉಳಿಯುತ್ತವೆ. ಆದ್ದರಿಂದ ಡ್ರೈವರ್ ಹಿಡಿಯುವ ಮೊದಲೇ ಸ್ಕ್ರೂವನ್ನು ಹಿಡಿದಿಟ್ಟಿರುವುದು ಏನು ಎಂದು ಗುರುತಿಸಬೇಕು.

ಯಾಕೆ ಹಿಡಿಯುತ್ತದೆ

ಬಾಡಿ ಸತುವಿನ ಎರಕ ಅಥವಾ ಅಲ್ಯೂಮಿನಿಯಂ ಎರಕ. ಸ್ಕ್ರೂ ಉಕ್ಕು. ಎರಡು ಬೇರೆ ಲೋಹಗಳ ನಡುವೆ ಉಪ್ಪು ಬೆರೆತ ತೇವ ಸೇರಿದರೆ ಅದೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ. ಈ ಜೋಡಿಯಲ್ಲಿ ಕರಗುವುದು ಸತು ಅಥವಾ ಅಲ್ಯೂಮಿನಿಯಂ, ಅಂದರೆ ನಿಮ್ಮ ಬಾಡಿ. ಕರಗಿದ್ದು ಬಿಳಿ ಪುಡಿಯಾಗಿ ಮರೆಯಲ್ಲಿ, ಅಂದರೆ ಸ್ಕ್ರೂವಿನ ಸುತ್ತುಗಳಲ್ಲಿ ತುಂಬಿಕೊಳ್ಳುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಸ್ಕ್ರೂವನ್ನು ಎಲ್ಲ ಕಡೆಯಿಂದ ಅದುಮುತ್ತದೆ. ಕಡಲ ಗಾಳಿಯ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೂ ಒಣಗದ ತೇವ, ಇವೆರಡೂ ಸೇರುವುದರಿಂದ ಘಟ್ಟದ ಮೇಲಿನ ಬೈಕಿಗಿಂತ ಇಲ್ಲಿನ ಬೈಕಿನಲ್ಲಿ ಈ ಕಾಟ ಹೆಚ್ಚು.

ಇದರ ಜೊತೆಗೆ ಒಳಗಿನಿಂದ ಪೆಟ್ರೋಲಿನ ಕಾಟ. ಬೌಲಿನಲ್ಲಿ ನಿಂತ ಪೆಟ್ರೋಲ್ ಆವಿಯಾಗಿ ಹಳದಿ-ಕಂದು ಅಂಟು ಉಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿದೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನ ಸಮೇತ ಬೇರ್ಪಟ್ಟು ಬೌಲಿನ ತಳದಲ್ಲಿ ಕೂರುತ್ತದೆ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ಜೆಟ್ಟುಗಳ ಬುಡದಲ್ಲಿ ಕಾಣುವ ಬಿಳಿ-ಹಸಿರು ಕಿಲುಬಿಗೆ ಮುಖ್ಯ ಕಾರಣ ಆ ನೀರು.

ಪರೀಕ್ಷೆ: ಯಾವ ದೋಷ?

ಕಾರ್ಬುರೇಟರನ್ನು ಬೈಕಿನಿಂದ ಪೂರ್ತಿ ಇಳಿಸಿಯೇ ನೋಡಿ. ಬೈಕಿನಲ್ಲೇ ಇರುವಾಗ ಬೌಲಿನ ಸ್ಕ್ರೂಗಳು ಕೆಳಮುಖವಾಗಿರುತ್ತವೆ. ಮೇಲಿನಿಂದ ಬಗ್ಗಿ ನೋಡುವವರು ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿಮಾಡುವುದು ಗ್ಯಾರೇಜುಗಳಲ್ಲಿ ಆಗಾಗ ನಡೆಯುವ ಸಂಗತಿ. ಪೆಟ್ರೋಲ್ ಬಸಿದು, ಸೀಮೆಎಣ್ಣೆ ಮತ್ತು ಹಿತ್ತಾಳೆ ಬ್ರಷ್‌ನಿಂದ ತೊಳೆದು, ಸ್ಕ್ರೂ ತಲೆಯ ಸೀಳಿನೊಳಗಿನ ಕೊಳೆಯನ್ನು ದಬ್ಬಣದ ಮೊನೆಯಿಂದ ಕೆದಕಿ ತೆಗೆಯಿರಿ. ಸೀಳಿನ ತಳದಲ್ಲಿ ಅರ್ಧ ಮಿಲಿಮೀಟರ್ ಮಣ್ಣು ಉಳಿದರೂ ಡ್ರೈವರ್ ಪೂರ್ತಿ ಕೂರುವುದಿಲ್ಲ.

ಈಗ ತಲೆಯಿಂದ ಬಾಡಿಗೆ ಸೇರುವಂತೆ ಸೂಜಿಯಿಂದ ಒಂದು ಸಣ್ಣ ಗೆರೆ ಎಳೆಯಿರಿ. ಡ್ರೈವರನ್ನು ಅದುಮಿ ಹಿಡಿದು ಹಗುರವಾಗಿ ತಿರುಗಿಸಿ, ಕೈ ಬಿಡಿ. ಗೆರೆಯನ್ನು ನೋಡಿ.

ಡ್ರೈವರ್ ಎದ್ದು ಜಾರಿತು, ಗೆರೆ ಕದಲಲಿಲ್ಲ: ಸ್ಕ್ರೂ ಎಷ್ಟು ಬಿಗಿ ಎಂಬುದು ಇನ್ನೂ ಗೊತ್ತೇ ಆಗಿಲ್ಲ. ದೋಷ ಡ್ರೈವರಿನಲ್ಲಿದೆ.

ಡ್ರೈವರ್ ಗಟ್ಟಿಯಾಗಿ ಕೂತಿದೆ, ಕಲ್ಲಿನಂತೆ ಕದಲುವುದಿಲ್ಲ, ತಲೆಯ ಸುತ್ತ ಬಿಳಿ ಪುಡಿ ಇದೆ: ಉಪ್ಪಿನ ಹಿಡಿತ. ಇದಕ್ಕೆ ಎಣ್ಣೆ, ಕಾವು, ಪೆಟ್ಟು ಮೂರೂ ಬೇಕು.

ತಲೆ ತುಸು ತಿರುಗಿತು, ಕೈ ಬಿಟ್ಟೊಡನೆ ಗೆರೆ ಹಿಂದಕ್ಕೆ ಬಂತು: ಅಪಾಯದ ಸೂಚನೆ ಇದೇ. ಸ್ಕ್ರೂ ಬಿಚ್ಚುತ್ತಿಲ್ಲ, ಅದರ ಮೈ ತಿರುಚಿಕೊಳ್ಳುತ್ತಿದೆ. ಇನ್ನೊಂದಿಷ್ಟು ಜೋರು ಹಾಕಿದರೆ ಕಡಿಯುತ್ತದೆ. ತಕ್ಷಣ ನಿಲ್ಲಿಸಿ.

ಗೆರೆ ಸರಿದು ಅಲ್ಲೇ ನಿಂತಿತು: ಬಿಚ್ಚುತ್ತಿದೆ, ಅವಸರ ಬೇಡ.

ಸಲೀಸಾಗಿ ತಿರುಗುತ್ತದೆ ಆದರೆ ಮೇಲೆ ಬರುವುದಿಲ್ಲ: ಬಾಡಿಯ ಥ್ರೆಡ್ (ಸ್ಕ್ರೂ ಕಚ್ಚುವ ಸುತ್ತುಗಳು) ಹೋಗಿದೆ. ತಲೆಯ ಅಡಿಗೆ ತೆಳ್ಳನೆಯ ಬ್ಲೇಡು ತೂರಿಸಿ ಎತ್ತುತ್ತಾ ತಿರುಗಿಸಿ. ಆಮೇಲೆ ಥ್ರೆಡ್ ರಿಪೇರಿ ಹೇಗಿದ್ದರೂ ಮಾಡಬೇಕಾಗುತ್ತದೆ.

ಗಾಳಿಯ ಪ್ರಮಾಣ ಹೊಂದಿಸುವ ಹಿತ್ತಾಳೆಯ ಏರ್ ಸ್ಕ್ರೂ ಅಥವಾ ಜೆಟ್ ಅಂಟಿಕೊಂಡಿದೆ, ಸುತ್ತ ಬಿಳಿ ಪುಡಿ ಇಲ್ಲ, ಬಂಗಾರದ ಬಣ್ಣದ ಪದರ ಇದೆ: ಇದು ಪೆಟ್ರೋಲಿನ ಅಂಟು. ಎಣ್ಣೆ ಹಾಕಿ ಫಲವಿಲ್ಲ. ಅಸಿಟೋನ್, ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಅಥವಾ ಕಾರ್ಬುರೇಟರ್ ಕ್ಲೀನರ್‌ನಲ್ಲಿ ಒಂದು ರಾತ್ರಿ ನೆನೆಯಬೇಕು.

ಬಾಡಿಯನ್ನೂ ಒಮ್ಮೆ ಗಮನಿಸಿ. ತೀರ ಹಳೆಯ ಸತುವಿನ ಎರಕದಲ್ಲಿ ಮೈಮೇಲೆ ಜೇಡರ ಬಲೆಯಂಥ ಬಿರುಕು, ಅಲ್ಲಲ್ಲಿ ಉಬ್ಬು, ಸೊಟ್ಟಗಾದ ಅಂಚು ಕಂಡರೆ ಲೋಹವೇ ಒಳಗಿನಿಂದ ಕೆಟ್ಟಿದೆ. ಎರಕದಲ್ಲಿ ಸೀಸದಂಥ ಕಲಬೆರಕೆ ಸೇರಿದ್ದರೆ ಹೀಗಾಗುತ್ತದೆ. ಅಂಥದ್ದಕ್ಕೆ ಶ್ರಮ ಹಾಕುವುದು ವ್ಯರ್ಥ. ಅಳತೆಗೆ ಇಟ್ಟುಕೊಂಡು ಬೇರೆ ಬಾಡಿ ಹುಡುಕಿ.

ಡ್ರೈವರ್: ಅರ್ಧ ರೋಗ ಇಲ್ಲೇ ಇದೆ

ಮಿಕ್‌ಕಾರ್ಬ್ ಎಂಬ ಹೆಸರಿರುವ ಕಾರ್ಬುರೇಟರುಗಳು ಜಪಾನಿನ ಮಿಕುನಿ ವಿನ್ಯಾಸದವು. ಅವುಗಳ ಪ್ಲಸ್ ತಲೆ ನೋಡಲು ಫಿಲಿಪ್ಸ್‌ನಂತೆಯೇ ಇದ್ದರೂ ಜಪಾನ್ ಅಳತೆಯದ್ದು, ಅಂದರೆ ಜೆಐಎಸ್ ತಲೆ ಆಗಿರುವ ಸಂಭವ ಹೆಚ್ಚು. ಕೆಲವು ತಲೆಗಳ ಮೇಲೆ ಒಂದು ಸಣ್ಣ ಚುಕ್ಕೆ ಇರುತ್ತದೆ, ಅದೇ ಗುರುತು. ಫಿಲಿಪ್ಸ್ ಡ್ರೈವರಿನ ಮೊನೆ ಸ್ವಲ್ಪ ಉದ್ದ. ಜೆಐಎಸ್ ತಲೆಯಲ್ಲಿ ಮೊನೆ ತಳಕ್ಕೆ ತಾಗಿ ನಿಲ್ಲುತ್ತದೆ, ರೆಕ್ಕೆಗಳು ಸೀಳಿನ ಗೋಡೆಗೆ ಸರಿಯಾಗಿ ತಾಗುವುದೇ ಇಲ್ಲ. ಆದ್ದರಿಂದಲೇ ಜಾರುವುದು. ಜೆಐಎಸ್ 2 ನಂಬರ್ ಡ್ರೈವರ್ ಒಂದು ಕೊಂಡಿಟ್ಟುಕೊಳ್ಳಿ. ಸಿಗದಿದ್ದರೆ ಒಳ್ಳೆಯ ಫಿಲಿಪ್ಸ್ 2 ನಂಬರ್ ಬಿಟ್‌ನ ಮೊನೆಯನ್ನು ಸಾಣೆಕಲ್ಲಿಗೆ ಹಿಡಿದು ಅರ್ಧ ಮಿಲಿಮೀಟರಿನಷ್ಟು ಮೊಂಡು ಮಾಡಿದರೂ ಕೆಲಸ ನಡೆಯುತ್ತದೆ. ನಡುನಡುವೆ ನೀರಿಗೆ ಅದ್ದಿ, ಬಿಟ್ ನೀಲಿಯಾಗಲು ಬಿಡಬೇಡಿ. ಸರಿಯಾದ ಬಿಟ್ ಎಂದರೆ ಯಾವುದು? ಸ್ಕ್ರೂ ಮೇಲೆ ನಿಲ್ಲಿಸಿ ಕೈ ಬಿಟ್ಟರೂ ಓಲಾಡದೆ ನಿಲ್ಲುವುದು.

ಜಾವಾ, ಯೆಜ್ಡಿಯ ಜಿಕೋವ್‌ನಂಥ ಹಳೆ ಯುರೋಪಿನ ವಿನ್ಯಾಸದಲ್ಲಿ ಒಂದೇ ಸೀಳಿನ ತಲೆ ಸಿಗುತ್ತದೆ. ಅದಕ್ಕೆ ಬ್ಲೇಡಿನ ಅಗಲ ತಲೆಯಷ್ಟೇ ಇರಬೇಕು, ದಪ್ಪ ಸೀಳಿನಷ್ಟೇ ಇರಬೇಕು, ತುದಿ ಬೆಣೆಯಂತೆ ಇಳಿಜಾರಾಗಿರದೆ ನೇರವಾಗಿರಬೇಕು. ಅರ ಹಿಡಿದು ಆ ಸ್ಕ್ರೂಗೆಂದೇ ಒಂದು ಡ್ರೈವರನ್ನು ತಯಾರಿಸಿಕೊಳ್ಳುವುದು ಹದಿನೈದು ನಿಮಿಷದ ಕೆಲಸ. ಹಿತ್ತಾಳೆ ಜೆಟ್ಟುಗಳಿಗಂತೂ ಇದು ಕಡ್ಡಾಯ.

ಎಣ್ಣೆ, ಆಮೇಲೆ ಕಾಯುವುದು

ಪೆನಿಟ್ರೇಟಿಂಗ್ ಆಯಿಲ್ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ಅಸಿಟೋನ್ ಮತ್ತು ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಸಮಪಾಲು, 10 ಮಿಲಿಲೀಟರಿಗೆ 10. ಒಟ್ಟು ಕಾರ್ಬುರೇಟರಿಗೆ ಇಷ್ಟು ಸಾಕು. ಇವೆರಡೂ ಬೇಗ ಬೇರೆಯಾಗುತ್ತವೆ, ಹಾಗಾಗಿ ಪ್ರತಿಸಲ ಕುಲುಕಿಯೇ ಹಾಕಬೇಕು. ಅಸಿಟೋನ್ ರಬ್ಬರ್, ಪ್ಲಾಸ್ಟಿಕ್, ಪೇಂಟ್ ಮೂರನ್ನೂ ತಿನ್ನುತ್ತದೆ, ನೆನಪಿರಲಿ.

ಬಾಡಿಯನ್ನು ತಲೆಕೆಳಗಾಗಿಸಿ, ಸ್ಕ್ರೂ ತಲೆ ಮೇಲೆ ಬರುವಂತೆ ಮರದ ತುಂಡಿನ ಮೇಲೆ ಇಟ್ಟು, ಬೆಳಿಗ್ಗೆ ಸಂಜೆ ಎರಡೆರಡು ಹನಿ. ಕನಿಷ್ಠ ಒಂದು ದಿನ, ಬಿಳಿ ಪುಡಿ ಜಾಸ್ತಿ ಇದ್ದರೆ ಎರಡು ಮೂರು ದಿನ. ಸ್ಕ್ರೂ ತೂತು ಆಚೆಗೆ ತೆರೆದಿದ್ದರೆ ಆ ಕಡೆಯಿಂದಲೂ ಹನಿಸಿ. ಮಳೆಗಾಲದಲ್ಲಿ ಮುಚ್ಚಳವಿರುವ ಡಬ್ಬಿಯೊಳಗಿಡಿ. ಹೊರಗಿಟ್ಟರೆ ಅಸಿಟೋನ್ ಹಾರಿಹೋಗುತ್ತದೆ, ಎಣ್ಣೆಯ ಜೊತೆ ತೇವವೂ ಸೇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಹಿತ್ತಾಳೆ ದೀಪ, ಪಾತ್ರೆ ಬೆಳಗಲು ಹುಣಸೆಹುಳಿ, ಬಿಂಬುಳಿ ಬಳಸುವ ರೂಢಿ ಇದೆ. ಅದೇ ಧೈರ್ಯದಲ್ಲಿ ಕಾರ್ಬುರೇಟರನ್ನು ಹುಳಿನೀರಲ್ಲೋ ವಿನೆಗರಿನಲ್ಲೋ ನೆನೆಹಾಕುವವರಿದ್ದಾರೆ. ದಯವಿಟ್ಟು ಬೇಡ. ಹುಳಿ ತುಕ್ಕನ್ನು ಬಿಡಿಸುವ ಮೊದಲು ಸತುವನ್ನು ತಿನ್ನುತ್ತದೆ. ಮರುದಿನ ಬಾಡಿ ಬೂದುಬಣ್ಣಕ್ಕೆ ತಿರುಗಿ, ಮೈಯೆಲ್ಲ ತೂತುತೂತಾಗಿ ಸಿಗುತ್ತದೆ. ಶೌಚಾಲಯದ ಆಸಿಡ್, ಕಾಸ್ಟಿಕ್ ಸೋಡಾ ಇನ್ನೂ ಕೆಟ್ಟವು. ಕಾಸ್ಟಿಕ್ ಸೋಡಾ ಸತು, ಅಲ್ಯೂಮಿನಿಯಂ ಎರಡನ್ನೂ ಕರಗಿಸುತ್ತದೆ.

ಕಾವು

ಕಾವು ಕೆಲಸ ಮಾಡುವುದು ಲೆಕ್ಕದ ಮೇಲೆ. ಬಿಸಿಯಾದಾಗ ಸತು ಹಿಗ್ಗುವುದು ಉಕ್ಕಿನ ಎರಡು ಪಟ್ಟಿಗಿಂತ ಹೆಚ್ಚು, ಅಲ್ಯೂಮಿನಿಯಂ ಹೆಚ್ಚುಕಡಿಮೆ ಎರಡು ಪಟ್ಟು. 4 ಮಿಲಿಮೀಟರ್ ತೂತನ್ನು 100 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಸ್ಕ್ರೂಗಿಂತ ತೂತು ಸುಮಾರು 0.006 ಮಿಲಿಮೀಟರ್ ದೊಡ್ಡದಾಗುತ್ತದೆ. ಕೂದಲಿಗಿಂತ ತೀರ ಸಣ್ಣ ಅಂತರ, ಆದರೆ ಒಳಗಿನ ಪುಡಿ ಬಿರುಕು ಬಿಟ್ಟು ಎಣ್ಣೆ ಇಳಿಯಲು ಅಷ್ಟು ಸಾಕು. ಹಿತ್ತಾಳೆಯ ಹಿಗ್ಗುವಿಕೆ ಅಲ್ಯೂಮಿನಿಯಮ್ಮಿಗೆ ಹತ್ತಿರ. ಆದ್ದರಿಂದ ಅಲ್ಯೂಮಿನಿಯಂ ಬಾಡಿಯ ಹಿತ್ತಾಳೆ ಜೆಟ್ಟಿನಲ್ಲಿ ಕಾವಿನಿಂದ ಅಷ್ಟು ಲಾಭ ನಿರೀಕ್ಷಿಸಬೇಡಿ.

ಮೊದಲು ಕಳಚಲು ಸಾಧ್ಯವಿರುವ ಎಲ್ಲ ರಬ್ಬರ್, ಪ್ಲಾಸ್ಟಿಕ್ ಬಿಡಿಭಾಗ ತೆಗೆಯಿರಿ. ಬೌಲ್ ಬಿಚ್ಚದೆ ಒಳಗಿನ ಫ್ಲೋಟ್ (ಪೆಟ್ರೋಲ್ ಮಟ್ಟ ಕಾಯುವ ತೇಲುಬುಂಡೆ) ತೆಗೆಯಲಾಗದು, ಹಾಗಾಗಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಬೇಕು. ಅದಕ್ಕೆ ಅತಿ ಸುರಕ್ಷಿತ ದಾರಿ ಕುದಿಯುವ ನೀರು. ಅಡುಗೆಗೆ ಮತ್ತೆ ಬಳಸದ ಹಳೆ ಪಾತ್ರೆಯಲ್ಲಿ, ಅಂಗಳದಲ್ಲಿ, ಪೆಟ್ರೋಲಿನ ವಾಸನೆ ಪೂರ್ತಿ ಹೋದ ಮೇಲೆ ಹತ್ತು ಹದಿನೈದು ನಿಮಿಷ ಕುದಿಸಿ, ಚಿಮ್ಮಟದಲ್ಲಿ ಎತ್ತಿ, ಬಿಸಿಯಿರುವಾಗಲೇ ಪ್ರಯತ್ನಿಸಿ. ನೀರಿನಿಂದ ತೆಗೆದದ್ದನ್ನು ಹಾಗೇ ಬಿಡದೆ ಅಂದೇ ಒಣಗಿಸಿ ಎಣ್ಣೆ ಸವರಬೇಕು, ಇಲ್ಲದಿದ್ದರೆ ಹೊಸ ತುಕ್ಕು.

ಹಾಟ್ ಏರ್ ಗನ್ ಇದ್ದರೆ ಸ್ಕ್ರೂ ಕೂತ ಮೂಲೆಯ ಸುತ್ತ ಮಾತ್ರ ತೋರಿಸಿ. ನೀರಿನ ಹನಿ ಚುಂಯ್ ಎಂದು ಹಾರಿದರೆ 100 ದಾಟಿದೆ, ಅಲ್ಲಿಗೆ ನಿಲ್ಲಿಸಿ. ಆ ಬಿಸಿಯಲ್ಲಿ ಮೇಣದಬತ್ತಿಯನ್ನು ತಲೆಯ ಅಂಚಿಗೆ ತಾಗಿಸಿದರೆ ಕರಗಿದ ಮೇಣ ಸುತ್ತುಗಳೊಳಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ನಮ್ಮ ಅಭಿಪ್ರಾಯದಲ್ಲಿ ದುಬಾರಿ ಸ್ಪ್ರೇಗಳಿಗಿಂತ ಇದೇ ಮೇಲು. ಗ್ಯಾಸ್ ಟಾರ್ಚ್ ಮಾತ್ರ ಸತುವಿನ ಹತ್ತಿರ ತರಬೇಡಿ. ಸತುವಿನ ಎರಕ 380 ಡಿಗ್ರಿಯ ಆಸುಪಾಸಿನಲ್ಲಿ ಕರಗಲು ತೊಡಗುತ್ತದೆ. ಕೆಂಪಗಾಗುವ ಸೂಚನೆಯೂ ಇಲ್ಲದೆ ಮೂಲೆ ಒಮ್ಮೆಲೇ ಕುಸಿಯುತ್ತದೆ.

ಅಸಿಟೋನ್ ಅಥವಾ ಸ್ಪ್ರೇ ಹಸಿಯಿರುವಾಗ ಕಾವು ಕೊಡುವಂತಿಲ್ಲ. ಒರೆಸಿ, ಗಾಳಿಗೆ ಆರಿಸಿ, ಆಮೇಲೆ. ಬ್ರೇಕ್ ಕ್ಲೀನರ್ ಹಾಕಿದ್ದರಂತೂ ಪೂರ್ತಿ ಆವಿಯಾಗುವ ತನಕ ಬೆಂಕಿ, ಬಿಸಿ ಎರಡೂ ದೂರ. ಕ್ಲೋರಿನ್ ಇರುವ ಬಗೆಯದ್ದು ಬಿಸಿಯಲ್ಲಿ ವಿಷಾನಿಲವಾಗುತ್ತದೆ.

ಒಂದೇ ಸ್ಕ್ರೂ ಹಟ ಹಿಡಿದಿದ್ದರೆ 60 ವ್ಯಾಟ್ ಸೋಲ್ಡರಿಂಗ್ ಐರನ್‌ನ ಮೊನೆಯನ್ನು ಅದರ ತಲೆಗೆ ಎರಡು ಮೂರು ನಿಮಿಷ ಒತ್ತಿ, ತಣ್ಣಗಾಗಲು ಬಿಡಿ. ಇಲ್ಲಿ ಹಿಗ್ಗುವುದು ಸ್ಕ್ರೂ. ಅದು ಪುಡಿಯನ್ನು ಅದುಮಿ ಒಡೆಯುತ್ತದೆ, ತಣಿದಾಗ ಕುಗ್ಗಿ ಸಡಿಲವಾಗುತ್ತದೆ. ಹಿತ್ತಾಳೆ ಏರ್ ಸ್ಕ್ರೂಗೆ ಇದು ಚೆನ್ನಾಗಿ ಒಗ್ಗುತ್ತದೆ.

ಪೆಟ್ಟು ಮತ್ತು ತಿರುಗಿಸುವುದು

ಬಾಡಿಯನ್ನು ವೈಸ್‌ನಲ್ಲಿ ನೇರವಾಗಿ ಕಚ್ಚಿಸಬೇಡಿ. ಎರಡು ಬದಿಗೂ ಮೆತ್ತನೆಯ ಮರದ ತುಂಡು ಇಟ್ಟು, ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಕವಾಟ) ಓಡುವ ಕೊಳವೆಯ ಭಾಗಕ್ಕೆ ಒತ್ತು ಬೀಳದಂತೆ ಹಿಡಿಸಿ. ಆ ಕೊಳವೆ ತುಸು ಅಂಡಾಕಾರವಾದರೂ ಸ್ಲೈಡ್ ಸಿಕ್ಕಿಹಾಕಿಕೊಳ್ಳುತ್ತದೆ. ಬಿಟ್ ಅನ್ನು ಸೀಳಿನಲ್ಲಿ ನಿಲ್ಲಿಸಿ 100–200 ಗ್ರಾಂ ಸುತ್ತಿಗೆಯಿಂದ ಹತ್ತಾರು ಸಣ್ಣ ಪೆಟ್ಟು. ಜೋರಾದ ಒಂದು ಪೆಟ್ಟಿಗಿಂತ ಹಗುರ ಹತ್ತು ಪೆಟ್ಟು ಪುಡಿಯನ್ನು ಸಡಿಲಿಸುತ್ತದೆ, ಎರಕವನ್ನು ಒಡೆಯುವುದಿಲ್ಲ. ಎಂಜಿನ್ ಕವರಿಗೆ ಬಳಸುವ ದೊಡ್ಡ ಇಂಪ್ಯಾಕ್ಟ್ ಡ್ರೈವರ್ ಇಲ್ಲಿ ಬೇಡ.

ತಿರುಗಿಸುವಾಗ ಬಲದ ಮುಕ್ಕಾಲು ಪಾಲು ಕೆಳಕ್ಕೆ ಅದುಮಲು, ಕಾಲು ಪಾಲು ತಿರುಗಿಸಲು. ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ಕಡೆಗೆ. ಕದಲಿದ ಮೇಲೂ ಒಂದೇ ಉಸಿರಿಗೆ ಹೊರತೆಗೆಯಬೇಡಿ. ಎಂಟನೇ ಒಂದು ಸುತ್ತು ಹೊರಗೆ, ಅದರ ಅರ್ಧ ಒಳಗೆ, ಒಂದು ಹನಿ ಎಣ್ಣೆ, ಮತ್ತೆ. ಬಿಳಿ ಕೆಸರು ಸ್ಕ್ರೂ ಜೊತೆ ಮೇಲೇರಿ ಬರುತ್ತದೆ, ಬಟ್ಟೆಯಿಂದ ಒರೆಸುತ್ತಾ ಹೋಗಿ. ಎಳೆದೇ ಬಿಚ್ಚಿದರೆ ಆ ಪುಡಿ ಸುತ್ತುಗಳ ನಡುವೆ ಸಿಕ್ಕಿ ಬಾಡಿಯ ಮೆದು ಥ್ರೆಡ್ಡನ್ನು ಉಜ್ಜಿ ತೆಗೆಯುತ್ತದೆ.

ಬಗ್ಗದ ಸ್ಕ್ರೂಗೆ ಡ್ರಿಲ್ ಪ್ರೆಸ್ ಇರುವ ಲೇತ್ ವರ್ಕ್ಸ್‌ಗೆ ಒಯ್ಯಿರಿ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆ ಇಂಥ ಶಾಪುಗಳಿವೆ. ಕರೆಂಟು ತೆಗೆದ ಡ್ರಿಲ್ ಪ್ರೆಸ್‌ನ ಚಕ್‌ಗೆ ಬಿಟ್ ಕಚ್ಚಿಸಿ, ಹಿಡಿಕೆ ಎಳೆದು ಬಿಟ್ ಅನ್ನು ಸೀಳಿಗೆ ಅದುಮಿ ಹಿಡಿದು, ಚಕ್ಕನ್ನು ಕೈಯಲ್ಲಿ ತಿರುಗಿಸಬೇಕು. ಬಿಟ್ ನೆಟ್ಟಗೆ ನಿಲ್ಲುತ್ತದೆ, ಮೇಲೇಳಲು ಸಾಧ್ಯವೇ ಇಲ್ಲ. ಕೈಯಲ್ಲಿ ಸೋತ ಎಷ್ಟೋ ಸ್ಕ್ರೂಗಳು ಇಲ್ಲಿ ಸದ್ದಿಲ್ಲದೆ ಬರುತ್ತವೆ.

ತಲೆ ಹೋದ ಮೇಲೆ

ಸೀಳು ಅರೆ ಸವೆದಿದ್ದರೆ ಬಿಟ್‌ನ ಮೊನೆಗೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಸ್ವಲ್ಪ ಹಚ್ಚಿ ನೋಡಿ. ಅದರ ಮರಳು ಹಿಡಿತ ಕೊಡುತ್ತದೆ. ಬೌಲ್ ಬಿಚ್ಚಿದ ಮೇಲೆ ಒಂದು ಕಣವೂ ಒಳಗೆ ಉಳಿಯದಂತೆ ತೊಳೆಯಬೇಕು. ಪೂರ್ತಿ ಗುಂಡಗಾಗಿದ್ದರೆ ತಲೆಯ ಬದಿಯನ್ನು ಸಣ್ಣ ಗ್ರಿಪ್ ಪ್ಲೈಯರಿನಿಂದ ಕಚ್ಚಿ ತಿರುಗಿಸಿ. ಹೊರಚಾಚಿದ ತಲೆಯಾದರೆ ಹೆಚ್ಚಿನ ಸಲ ಇದರಲ್ಲೇ ಮುಗಿಯುತ್ತದೆ. ಜಾಗವಿಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ 1 ಮಿಲಿಮೀಟರ್ ಆಳದ ಹೊಸ ಸೀಳು ಕೊಯ್ದು ಚಪ್ಪಟೆ ಡ್ರೈವರ್ ಬಳಸಿ.

ಅದೂ ಸೋತರೆ ತಲೆಯನ್ನು ಬೈರಿಗೆಯಿಂದ ತೆಗೆದುಬಿಡುವುದೇ ಜಾಣತನ. ಬೌಲಿನ ಸ್ಕ್ರೂ ಸಾಮಾನ್ಯವಾಗಿ ಎಂ4, ಅಂದರೆ 4 ಮಿಲಿಮೀಟರಿನದು. ನಡುವಿಗೆ ಸರಿಯಾಗಿ ಸೆಂಟರ್ ಪಂಚ್, ಮೊದಲು 2.5, ಆಮೇಲೆ 4.2 ಮಿಲಿಮೀಟರ್ ಡ್ರಿಲ್, ನಿಧಾನ ವೇಗ. ಎರಡೂವರೆ ಮೂರು ಮಿಲಿಮೀಟರ್ ಆಳ ಹೋದಾಗ ತಲೆ ಬಳೆಯಂತೆ ಕಳಚಿ ಡ್ರಿಲ್ಲಿಗೆ ಸುತ್ತಿಕೊಳ್ಳುತ್ತದೆ. ಅಲ್ಲಿಗೆ ನಿಲ್ಲಿಸಿ. ಎಲ್ಲ ತಲೆ ಹೋದ ಮೇಲೆ ಬೌಲ್ ಮೇಲೆದ್ದು ಬರುತ್ತದೆ, ಉಳಿದ ತುಂಡುಗಳು ಕೆಲವು ಮಿಲಿಮೀಟರ್ ಹೊರಗೆ ನಿಂತಿರುತ್ತವೆ. ತಲೆಯ ಬಿಗಿತ ಹೋದದ್ದರಿಂದ ಅವು ಈಗ ಅರ್ಧ ಸಡಿಲ. ಫ್ಲೋಟ್ ತೆಗೆದು, ತುಸು ಕಾವು ಕೊಟ್ಟು, ಗ್ರಿಪ್ ಪ್ಲೈಯರಿನಲ್ಲಿ ತಿರುಗಿಸಿದರೆ ಬರುತ್ತವೆ.

ತುಂಡು ಮಟ್ಟಕ್ಕೇ ಕಡಿದಿದ್ದರೆ ಈಜಿ ಔಟ್ (ತುಂಡಿನೊಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಉಪಕರಣ) ಹಾಕುವ ಆಸೆ ಬರುತ್ತದೆ. ಎಂ4ಕ್ಕೆ ಅದು ಬೇಡ. ಆ ಅಳತೆಯ ಈಜಿ ಔಟ್ ಗಾಜಿನಷ್ಟು ಗಡಸು, ಒಳಗೇ ಮುರಿದರೆ ಮತ್ತೆ ಡ್ರಿಲ್ ಅದನ್ನು ಕೊರೆಯುವುದಿಲ್ಲ. ಮುರಿಯದಿದ್ದರೂ ಬೆಣೆಯಂತೆ ತುಂಡನ್ನು ಹಿಗ್ಗಿಸಿ ಎರಕದ ಮೂಲೆಯನ್ನು ಸೀಳುತ್ತದೆ. ಇದರ ಬದಲು ಎಡಕ್ಕೆ ತಿರುಗಿ ಕೊರೆಯುವ ಎಡಗೈ ಡ್ರಿಲ್ ಬಿಟ್ ಉತ್ತಮ. ಕೊರೆಯುವಾಗಲೇ ತುಂಡನ್ನು ಬಿಚ್ಚುವ ಕಡೆಗೆ ತಳ್ಳುತ್ತದೆ. ಅದೂ ಆಗದಿದ್ದರೆ 2, 2.5, 3.2 ಎಂದು ಹಂತಹಂತವಾಗಿ ನಡುವಿನಲ್ಲೇ ಕೊರೆದು, ಉಳಿದ ತೆಳು ಸುರುಳಿಯನ್ನು ಸೂಜಿಯಿಂದ ಎತ್ತಿ, ಥ್ರೆಡ್ ಕೊಯ್ಯುವ ಎಂ4 × 0.7 ಟ್ಯಾಪ್ ಹಾಕಿ ಸ್ವಚ್ಛ ಮಾಡಿ. ಥ್ರೆಡ್ ಉಳಿಯದಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗುವ ತಂತಿ ಸುರುಳಿ. ಮೂಲೆಯ ಗೋಡೆ ದಪ್ಪವಿದ್ದರೆ ಮಾತ್ರ 4.2 ಕೊರೆದು ಎಂ5.

ಜೆಟ್ ಮತ್ತು ಏರ್ ಸ್ಕ್ರೂ

ಬಾವಿಯಂಥ ಆಳದ ತೂತಿನೊಳಗೆ ಕೂತ ಪೈಲಟ್ ಜೆಟ್ಟಿಗೆ (ಐಡಲ್‌ನ ಪೆಟ್ರೋಲ್ ಬಿಡುವ ಸಣ್ಣ ಜೆಟ್) ಡ್ರೈವರಿನ ಕಾಂಡವೂ ಬಾವಿಯ ಗೋಡೆಗೆ ತಾಗದಷ್ಟು ಸಣ್ಣದಿರಬೇಕು. ಒಂದು ಬದಿಯ ಸೀಳು ಹಾರಿದರೆ ನಿಲ್ಲಿಸಿ ಮತ್ತೆ ನೆನೆಹಾಕಿ. ಜೆಟ್ ಕೆಟ್ಟರೆ ಹೊಸತು ಸಿಗುತ್ತದೆ, ಬಾವಿ ಕೆಟ್ಟರೆ ಸಿಗದು. ಬಾರದ ಜೆಟ್ಟಿನ ತೂತಿಗೆ ಸಣ್ಣ ಟಾರ್ಕ್ಸ್ ಬಿಟ್ ತಟ್ಟಿ ಕೂರಿಸಿ ತಿರುಗಿಸಬಹುದು. ಆ ಜೆಟ್ ಅಲ್ಲಿಗೆ ಮುಗಿಯಿತು, ಮತ್ತೆ ಹಾಕುವಂತಿಲ್ಲ.

ಏರ್ ಸ್ಕ್ರೂ ಎಷ್ಟು ಸುತ್ತಿನಲ್ಲಿತ್ತು ಎಂದು ತಿಳಿಯಲು ಒಳಗೆ ತಿರುಗಿಸಿ ಎಣಿಸುವುದು ವಾಡಿಕೆ. ಜಾಮ್ ಆದ ಸ್ಕ್ರೂಗೆ ಈ ವಾಡಿಕೆ ಬೇಡ. ಅದರ ತುದಿ ಸೂಜಿಯಂತೆ ಚೂಪು, ಒಳಗೆ ಒತ್ತಿದರೆ ಮುರಿದು ಗಾಳಿ ದಾರಿಯಲ್ಲೇ ಉಳಿಯುತ್ತದೆ. ನೇರ ಹೊರಗೆ ತೆಗೆಯಿರಿ, ಅಳತೆಯನ್ನು ಆಮೇಲೆ ನೋಡಿಕೊಳ್ಳೋಣ. ಇನ್ನು ಗಾಳಿದಾರಿ ತೆರೆದು ಮುಚ್ಚುವ ಬಟರ್‌ಫ್ಲೈ ಪ್ಲೇಟ್ ಇರುವ ಕಾರ್ಬುರೇಟರಾದರೆ ಆ ಪ್ಲೇಟಿನ ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲೇ ತಟ್ಟಿ ಅಗಲ ಮಾಡಿರುತ್ತಾರೆ. ಅದು ಜಾಮ್ ಅಲ್ಲ, ಉದ್ದೇಶಪೂರ್ವಕ. ಅಗತ್ಯವಿಲ್ಲದೆ ಮುಟ್ಟಬೇಡಿ.

ಮರುಜೋಡಣೆ

ಬೌಲಿನ ಅಂಚು ಸೊಟ್ಟಗಾಗಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ಪೆಟ್ರೋಲ್ ಸೋರುತ್ತದೆ. ದಪ್ಪ ಗಾಜಿನ ಮೇಲೆ 400 ನಂಬರ್ ವಾಟರ್ ಪೇಪರ್ ಇಟ್ಟು, ಸೀಮೆಎಣ್ಣೆ ಹನಿಸಿ, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ. ಇಡೀ ಅಂಚು ಒಂದೇ ಬಣ್ಣಕ್ಕೆ ಬಂದರೆ ಸಾಕು.

ಹಳೆ ಸ್ಕ್ರೂ ಮತ್ತೆ ಹಾಕಬೇಡಿ. ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದರೆ ಎಂ4 ಸ್ಟೇನ್‌ಲೆಸ್ ಆಲನ್ ಸ್ಕ್ರೂ ಸಿಗುತ್ತದೆ. ಉದ್ದ ಹಳೆಯದರಷ್ಟೇ ಇರಲಿ. ಹಳೆಯದಕ್ಕಿಂತ 2 ಮಿಲಿಮೀಟರ್ ಉದ್ದವಾದರೂ ಕುರುಡು ತೂತಿನ (ಆಚೆ ಕಡೆ ತೆರೆದಿರದ ತೂತು) ತಳಕ್ಕೆ ತಾಗಿ ಮೂಲೆಯನ್ನು ಸೀಳಬಹುದು. ಸ್ಟೇನ್‌ಲೆಸ್‌ಗೆ ತುಕ್ಕು ಹಿಡಿಯದು ನಿಜ, ಆದರೆ ಅದು ಸತುವನ್ನು ತಿನ್ನಿಸುವುದರಲ್ಲಿ ಉಕ್ಕಿಗಿಂತ ಕಡಿಮೆಯಲ್ಲ. ಒಣದಾಗಿ ಹಾಕಿದರೆ ನಾಲ್ಕೈದು ಮಳೆಗಾಲಕ್ಕೆ ಮತ್ತೆ ಅದೇ ಬಿಳಿ ಪುಡಿ. ಥ್ರೆಡ್ಡಿಗೆ ಜಾಮ್ ತಡೆಯುವ ಪೇಸ್ಟ್ ಆದ ನಿಕ್ಕಲ್ ಬಗೆಯ ಆ್ಯಂಟಿ ಸೀಜ್ ಅಥವಾ ಒಳ್ಳೆಯ ಗ್ರೀಸ್ ತೆಳುವಾಗಿ ಸವರಿ. ತಾಮ್ರದ ಬಗೆಯದ್ದು ಇಲ್ಲಿ ಬೇಡ. ಬಿಗಿತ ಸುಮಾರು 2 ನ್ಯೂಟನ್-ಮೀಟರ್, ಅಂದರೆ ಗಿಡ್ಡ ಆಲನ್ ಕೀಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ.

ಜೋಡಿಸಿದ ಮೇಲೆ ಪೆಟ್ರೋಲ್ ಕಾಕ್ ತೆರೆದು ಅರ್ಧ ಗಂಟೆ ಬಿಡಿ, ಅಡಿಗೆ ಬಿಳಿ ಕಾಗದ ಹಾಸಿ. ಅಂಚಿನಿಂದ ತೇವ ಬಂದರೆ ಗ್ಯಾಸ್ಕೆಟ್. ಓವರ್‌ಫ್ಲೋ ಪೈಪಿನಿಂದ ಬಂದರೆ ಫ್ಲೋಟ್ ಸೂಜಿ ಕೂತಿಲ್ಲ, ಕಾವಿನಲ್ಲಿ ಅದರ ರಬ್ಬರ್ ತುದಿ ಕೆಟ್ಟಿರಬಹುದು. ಏರ್ ಸ್ಕ್ರೂವನ್ನು ಹಗುರವಾಗಿ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ ತಂದು ಶುರುಮಾಡಿ, ಎಂಜಿನ್ ಬಿಸಿಯಾದ ಮೇಲೆ ಐಡಲ್ ಅತಿ ಹೆಚ್ಚು ಏರುವ ಜಾಗಕ್ಕೆ ಹೊಂದಿಸಿ. ಎಂಜಿನ್ ಒಮ್ಮೆ ಬಿಸಿಯಾಗಿ ತಣಿದ ಮೇಲೆ ಬೌಲಿನ ಸ್ಕ್ರೂಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿ, ಕಾಗದದ ಗ್ಯಾಸ್ಕೆಟ್ ಕುಗ್ಗಿ ತುಸು ಸಡಿಲವಾಗಿರುತ್ತವೆ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ ಬೌಲಿನ ಪೆಟ್ರೋಲ್ ಬಸಿದುಬಿಡಿ. ಹೊದೆಸಲು ಪ್ಲಾಸ್ಟಿಕ್ ಟರ್ಪಾಲಿನ ಬದಲು ಗಾಳಿಯಾಡುವ ಹತ್ತಿ ಬಟ್ಟೆ ಇರಲಿ, ಟರ್ಪಾಲಿನ ಅಡಿ ತೇವ ಆರುವುದೇ ಇಲ್ಲ.